ತಿಥಿ ಗೊತ್ತು, ವರ್ಷ ಗೊತ್ತಿಲ್ಲ: ಮನೆತನದ ಚಾರ್ಟ್ ಬರೆಯುವುದು ಹೇಗೆ?

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ. ಮನೆತನದ ಐದು ತಲೆಮಾರಿನವರ ಹೆಸರು, ಹುಟ್ಟು, ಸಾವು ಎಲ್ಲ ಕಲೆಹಾಕಿ, ಮರದ ಚಿತ್ರದ ಮೇಲೆ ಬಣ್ಣಬಣ್ಣದ ಚೌಕಗಳಲ್ಲಿ ತುಂಬಿ, ದೊಡ್ಡ ಫ್ಲೆಕ್ಸ್ ಮಾಡಿಸಿ ನೆಂಟರೆಲ್ಲ ಸೇರಿದ ದಿನ ಕಟ್ಟಿದರಂತೆ. ಬಂದವರು ತಮ್ಮ ಹೆಸರು ಹುಡುಕಿದರು, ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು, ಊಟಕ್ಕೆ ಹೋದರು. "ಇಷ್ಟು ಮಾಹಿತಿ ಇದ್ದೂ ಯಾರೂ ಏನೂ ಓದಲಿಲ್ಲ. ಎಲ್ಲಿ ಎಡವಿದೆ? ಮುತ್ತಜ್ಜ ತೀರಿಕೊಂಡ ತಿಥಿ ಗೊತ್ತು, ವರ್ಷ ಗೊತ್ತಿಲ್ಲ. ಅಂಥವರನ್ನು ಹೇಗೆ ತೋರಿಸಲಿ?" ಎಂದು ಕೇಳಿದ್ದಾರೆ. ಫ್ಲೆಕ್ಸಿನ ಫೋಟೊ ಕೂಡ ಕಳಿಸಿದ್ದಾರೆ.

ಫೋಟೊ ನೋಡಿದೆ. ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಂಶವೃಕ್ಷ ಹೇಳುವುದು ಯಾರು ಯಾರ ಮಕ್ಕಳು ಎನ್ನುವುದನ್ನು ಮಾತ್ರ, ಅಲ್ವಾ? ಅದು ನಿಮ್ಮ ನೆಂಟರಿಗೆ ಮೊದಲೇ ಗೊತ್ತು. ಗೊತ್ತಿಲ್ಲದ್ದು ಬೇರೆ ಇದೆ. ಅಜ್ಜಿ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಯಾರ್ಯಾರು ಬದುಕಿದ್ದರು? ಮುತ್ತಜ್ಜ ಎಷ್ಟು ಮೊಮ್ಮಕ್ಕಳ ಮುಖ ನೋಡಿದ? ಇದಕ್ಕೆ ಬೇಕಾದ ಇಸವಿಗಳೆಲ್ಲ ನಿಮ್ಮ ಚೌಕಗಳಲ್ಲೇ ಇವೆ. ಆದರೆ ಅಂಕಿಗಳಾಗಿ ಇವೆ. ನೋಡುವವರು ನಿಂತು ಕೂಡಿ ಕಳೆಯಬೇಕು, ಆ ಲೆಕ್ಕ ಯಾರು ಮಾಡುತ್ತಾರೆ?

ಈ ತೊಡಕನ್ನು 1765ರಲ್ಲೇ ಒಬ್ಬರು ಬಿಡಿಸಿದ್ದರು. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ. ಹೌದು, ನಾವು ಶಾಲೆಯಲ್ಲಿ ಆಮ್ಲಜನಕದ ಪಾಠದಲ್ಲಿ ಓದಿದ ಅದೇ ಪ್ರೀಸ್ಟ್ಲಿ. ಆಗ ಅವರು ವಾರಿಂಗ್ಟನ್‌ನಲ್ಲಿ ಮೇಷ್ಟ್ರು, ಮಕ್ಕಳಿಗೆ ಇತಿಹಾಸವನ್ನೂ ಹೇಳಿಕೊಡುತ್ತಿದ್ದರು. ಕ್ರಿ.ಪೂ. 1200ರಿಂದ ಕ್ರಿ.ಶ. 1800ರವರೆಗೆ ಎಡದಿಂದ ಬಲಕ್ಕೆ ಕಾಲವನ್ನು ಹಾಸಿ, ಸುಮಾರು 2000 ಹೆಸರಾಂತ ಜನರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಡ್ಡಗೆರೆ ಎಳೆದರು. ಗೆರೆ ಹುಟ್ಟಿದಲ್ಲಿ ಶುರು, ಸತ್ತಲ್ಲಿ ಮುಗಿಯಿತು. ಒಂದರ ಕೆಳಗೊಂದು ಗೆರೆ ನೋಡಿದರೆ ಸಾಕು, ಯಾರು ಯಾರ ಕಾಲದವರು ಎಂದು ಒಂದಕ್ಷರ ಓದದೆ ತಿಳಿಯುತ್ತದೆ. ಇನ್ನೊಂದು ಮುಖ್ಯ ಸಂಗತಿ, ನೂರು ವರ್ಷಕ್ಕೆ ಎಲ್ಲ ಕಡೆ ಒಂದೇ ಅಳತೆಯ ಜಾಗ. ಹಳೆಯ ಕಾಲದಲ್ಲಿ ಹೆಸರು ಕಡಿಮೆ ಎಂದು ಅವರು ಆ ಜಾಗವನ್ನು ಕುಗ್ಗಿಸಲಿಲ್ಲ, ಖಾಲಿ ಬಿಟ್ಟರು.

ನಿಮ್ಮ ಎರಡನೇ ಪ್ರಶ್ನೆಗೂ ಅಲ್ಲೇ ಉತ್ತರವಿದೆ. ಇಸವಿ ಖಚಿತವಿಲ್ಲದ ಕಡೆ ಪ್ರೀಸ್ಟ್ಲಿ ಗೆರೆಯ ಬದಲು ಚುಕ್ಕಿಗಳನ್ನು ಇಟ್ಟರು. ನೀವು ಮುತ್ತಜ್ಜನ ಚೌಕದಲ್ಲಿ "1850" ಎಂದು ಬರೆದಿದ್ದೀರಿ, ಪತ್ರದಲ್ಲಿ ಮಾತ್ರ "ಅಂದಾಜು" ಎನ್ನುತ್ತೀರಿ. ಫ್ಲೆಕ್ಸ್ ನೋಡಿದವರಿಗೆ ಅದು ಅಂದಾಜು ಎಂದು ಹೇಗೆ ಗೊತ್ತಾಗಬೇಕು? ಇನ್ನು ಇಪ್ಪತ್ತು ವರ್ಷಕ್ಕೆ ನಿಮ್ಮ ಮೊಮ್ಮಕ್ಕಳು ಅದನ್ನೇ ದಾಖಲೆ ಎನ್ನುತ್ತಾರೆ. ಊಹೆ ನೋಡಲೂ ಊಹೆಯ ಹಾಗೇ ಇರಬೇಕು. ಗೊತ್ತಿರುವಷ್ಟಕ್ಕೆ ಗಟ್ಟಿ ಗೆರೆ, ಉಳಿದದ್ದಕ್ಕೆ ಚುಕ್ಕಿ.

ನಮ್ಮ ಮನೆಗಳ ಕಥೆಯೇ ಹಾಗೆ. ಶ್ರಾದ್ಧ ಮಾಡಬೇಕಾದ್ದರಿಂದ ಮಾಸ, ಪಕ್ಷ, ತಿಥಿ ತಪ್ಪದೆ ನೆನಪಿರುತ್ತದೆ, ಇಸವಿ ಯಾರಿಗೂ ಬೇಕಾಗಿಲ್ಲ. ಸಂವತ್ಸರದ ಹೆಸರು ಸಿಕ್ಕರೂ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಈಶ್ವರ ಸಂವತ್ಸರ ಎಂದರೆ 1877-78 ಆಗಬಹುದು, 1937-38 ಆಗಬಹುದು. ಮಗ ಹುಟ್ಟಿದ್ದು 1905 ಎಂದಿದ್ದರೆ ತಾಯಿ ಹುಟ್ಟಿದ ಈಶ್ವರ ಯಾವುದು ಎಂದು ತಾನೇ ತೀರ್ಮಾನವಾಗುತ್ತದೆ. ಇನ್ನೊಂದು ಎಚ್ಚರಿಕೆ, ಸಂವತ್ಸರ ಶುರುವಾಗುವುದು ಯುಗಾದಿಗೆ. ಆದ್ದರಿಂದ ಧಾತು ಸಂವತ್ಸರದ ಮಾಘದಲ್ಲಿ ಹುಟ್ಟಿದವರನ್ನು 1876ಕ್ಕೆ ಹಾಕಬೇಡಿ, ಅದು 1877. ಶಾಲೆಯ ಟಿ.ಸಿ. ಇದೆ ಎಂದು ಪೂರ್ತಿ ನಂಬಲೂ ಬೇಡಿ. ಮೇಷ್ಟ್ರ ಕೃಪೆಯಿಂದ ಜೂನ್ 1ರಂದು ಹುಟ್ಟಿದವರು ನಿಮ್ಮ ಪಟ್ಟಿಯಲ್ಲೂ ಜಾಸ್ತಿ ಇದ್ದಾರೆ, ನೋಡಿ! ಹಿಂದಿನ ಜನಗಣತಿಗಳಲ್ಲೂ ಇದೇ ಕಥೆ, ವಯಸ್ಸು ಹೇಳುವಾಗ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ಅಂಕಿಗೆ ಜನ ಹೋಗಿ ಕೂರುತ್ತಾರೆ.

ಗೆರೆಗಳಾದ ಮೇಲೆ ಹಿಂದೆ ತಿಳಿ ಬೂದು ಬಣ್ಣದ ಪಟ್ಟಿ ಹಾಕಿ, ಮೇಲಿನಿಂದ ಕೆಳಗಿನವರೆಗೆ. 1876-78ರ ಬರಗಾಲಕ್ಕೆ ಒಂದು, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿಗೆ ಒಂದು, 1918ರ ಇನ್‌ಫ್ಲುಯೆಂಜಾಗೆ ಒಂದು. ನಿಮ್ಮ ಫ್ಲೆಕ್ಸಿನಲ್ಲಿ ಮೂರು ಸಾವುಗಳು ಧಾತು, ಈಶ್ವರ ಸಂವತ್ಸರಗಳಲ್ಲೇ ಇವೆ. ಮರದಲ್ಲಿ ಅವು ಮೂರು ಬೇರೆ ಬೇರೆ ಕೊಂಬೆಗಳ ಮೇಲಿದ್ದವು, ಹಾಗಾಗಿ ನೀವೂ ಗಮನಿಸಿದಂತಿಲ್ಲ. ಗೆರೆ ಎಳೆದರೆ ಮೂರೂ ಬರಗಾಲದ ಒಂದೇ ಬೂದು ಪಟ್ಟಿಯೊಳಗೆ ನಿಲ್ಲುತ್ತವೆ. ಆ ಬರಗಾಲ ಎಂಥದು ಎಂದು ಹೇಳಲು ಪಕ್ಕದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಕೊಡಬಹುದು: 1871ರಲ್ಲಿ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಕೊಡುವುದಾದರೆ ಕಂಬಗಳನ್ನು ಸೊನ್ನೆಯಿಂದಲೇ ಎಬ್ಬಿಸಿ. ಜಾಗ ಉಳಿಸಲು 40 ಲಕ್ಷದಿಂದ ಶುರು ಮಾಡಿದಿರೋ, ಜನ ಇಳಿದದ್ದು ಆರನೇ ಒಂದು ಭಾಗ, ಚಿತ್ರದಲ್ಲಿ ಆರನೇ ಒಂದು ಭಾಗ ಮಾತ್ರ ಉಳಿದ ಹಾಗೆ ಕಾಣುತ್ತದೆ. ನಿಜವೇ ಸಾಕಷ್ಟು ಭಯಂಕರವಾಗಿದೆ, ಉಬ್ಬಿಸುವುದು ಬೇಡ.

ಅಂದಹಾಗೆ ಫ್ಲೆಕ್ಸಿನ ಮೂಲೆಯಲ್ಲಿ, ಯಾವ ಊರಲ್ಲಿ ಎಷ್ಟು ನೆಂಟರಿದ್ದಾರೆ ಎಂಬ ಪೈ ಚಾರ್ಟ್ ಇದೆಯಲ್ಲ, ಹನ್ನೊಂದು ಹೋಳು, ಅದೂ ತ್ರೀಡಿ. ಅದನ್ನು ತೆಗೆದುಬಿಡಿ. ಓರೆಯಾಗಿ ಮಲಗಿಸಿದ ಪೈನಲ್ಲಿ ಮುಂದಿನ ಹೋಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಮ್ಮ ಕಣ್ಣು ಉದ್ದವನ್ನು ಚೆನ್ನಾಗಿ ಅಳೆಯುತ್ತದೆ, ಕೋನವನ್ನು ಅಷ್ಟು ಚೆನ್ನಾಗಿ ಅಳೆಯುವುದಿಲ್ಲ. ಊರಿನ ಹೆಸರು, ಪಕ್ಕದಲ್ಲಿ ಒಂದು ಪಟ್ಟಿ, ತುದಿಯಲ್ಲಿ ಸಂಖ್ಯೆ. ಮುಗಿಯಿತು.

ಬರೆಯುವುದಕ್ಕೆ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಗ್ರಾಫ್ ಶೀಟಿನಲ್ಲಿ ಒಂದು ಮಿಲಿಮೀಟರಿಗೆ ಒಂದು ವರ್ಷ ಎಂದರೆ ನಿಮ್ಮ 170 ವರ್ಷ 17 ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಎಕ್ಸೆಲ್‌ನಲ್ಲೇ ಮಾಡುವುದಾದರೆ ಒಂದು ಕಾಲಮಿನಲ್ಲಿ ಹುಟ್ಟಿದ ಇಸವಿ, ಇನ್ನೊಂದರಲ್ಲಿ ಬದುಕಿದ ವರ್ಷ ಹಾಕಿ, ಸ್ಟ್ಯಾಕ್ಡ್ ಬಾರ್ ಆರಿಸಿ, ಮೊದಲ ಭಾಗದ ಬಣ್ಣ ತೆಗೆದುಬಿಡಿ, ಆಮೇಲೆ ಅಕ್ಷವನ್ನು 1850ರಿಂದ ಶುರು ಮಾಡಿ. ಇಲ್ಲಿ ಮಾತ್ರ ಸೊನ್ನೆ ಬೇಕಿಲ್ಲ, ಯಾಕೆಂದರೆ ನೋಡುವುದು ಬಣ್ಣ ಉಳಿದ ಭಾಗವನ್ನು ಮಾತ್ರ. 1900ಕ್ಕಿಂತ ಹಿಂದಿನ ದಿನಾಂಕವನ್ನು ಎಕ್ಸೆಲ್ ದಿನಾಂಕ ಎಂದು ಒಪ್ಪುವುದೇ ಇಲ್ಲ. ಸುಮ್ನೆ ಇಸವಿಯನ್ನು ಸಂಖ್ಯೆಯಾಗಿ ಕೊಡಿ. ಅಳತೆಯನ್ನು ಚಿತ್ರದ ಮೇಲೆ ಮಾತಿನಲ್ಲೇ ಬರೆಯಿರಿ. ನೆಪೋಲಿಯನ್‌ನ ಸೈನ್ಯ ರಷ್ಯಾಕ್ಕೆ ಹೊರಟಾಗ 4,22,000 ಇದ್ದದ್ದು ಮರಳುವಾಗ 10,000 ಆದದ್ದನ್ನು 1869ರಲ್ಲಿ ಚಿತ್ರಿಸಿದ ಫ್ರಾನ್ಸಿನ ಎಂಜಿನಿಯರ್ ಮಿನಾರ್ಡ್ ಕೂಡ, ಒಂದು ಮಿಲಿಮೀಟರ್ ಅಗಲಕ್ಕೆ ಹತ್ತು ಸಾವಿರ ಜನ ಎಂದು ಅಲ್ಲೇ ಬರೆದಿದ್ದರು.

ಒಂದು ಮಾತು ಕೇಳಲೇಬೇಕು. ನಿಮ್ಮ ಮರದಲ್ಲಿ ಮೊದಲ ಮೂರು ತಲೆಮಾರಿನಲ್ಲಿ ಹೆಣ್ಣುಮಕ್ಕಳೇ ಇಲ್ಲ. ಸೊಸೆಯರು "ಪತ್ನಿ" ಎಂದಷ್ಟೇ ಇದ್ದಾರೆ. ಹುಟ್ಟಿ ತಿಂಗಳಲ್ಲೇ ಹೋದ ಕೂಸುಗಳೂ ಇಲ್ಲ, ಆ ಕಾಲದಲ್ಲಿ ಅಂಥವು ಇಲ್ಲದ ಮನೆ ಇತ್ತೇ? ಹೆಸರು ಗೊತ್ತಿಲ್ಲದಿದ್ದರೂ ಗೆರೆಗೆ ಜಾಗ ಕೊಡಿ. ಮನೆಯ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಕೇಳಿ, ಗಂಡಸರು ಮರೆತದ್ದು ಅವರಿಗೆ ನೆನಪಿರುತ್ತದೆ.

ಹೊಸ ಚಾರ್ಟ್ ಆದಾಗ ನಮಗೆ ಕಳಿಸಿ, ಪ್ರಕಟಿಸೋಣ. ಎರಡು ಷರತ್ತು. ನಮ್ಮ ಒಳಪುಟಗಳು ಕಪ್ಪು ಬಿಳುಪು, ಹಾಗಾಗಿ ಗಂಡು ಹೆಣ್ಣಿಗೆ ಕೆಂಪು ಹಸಿರು ಎಂದು ಮಾಡಬೇಡಿ, ಆ ಎರಡು ಬಣ್ಣ ಬೇರೆಯಾಗಿ ಕಾಣದ ಓದುಗರೂ ಇದ್ದಾರೆ. ಮತ್ತೆ, ಈಗ ಬದುಕಿರುವವರ ಪೂರ್ತಿ ಜನ್ಮದಿನಾಂಕ ಬೇಡ, ಇಸವಿ ಸಾಕು. ಬ್ಯಾಂಕಿನವರು ಫೋನಿನಲ್ಲಿ ಮೊದಲು ಕೇಳುವುದೇ ಅದನ್ನು. ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲೂ ಅದನ್ನು ಅಳಿಸಿಬಿಡಿ.

ಸಂಪಾದಕ