ಹಾಯಿಕಂಬ ಕಚ್ಚಿಕೊಂಡಿದೆ, ಕಾಯಿಸಿ ಬಡಿಯಬಹುದೇ?

ಪ್ರಶ್ನೆ: ಕರಾವಳಿಯಲ್ಲಿ ಸಮುದ್ರಕ್ಕೆ ಇಳಿಯುತ್ತಿದ್ದ ‘ಲೇಸರ್’ ಎಂಬ ಮಾದರಿಯ ಹಳೆಯ ಪುಟ್ಟ ಹಾಯಿದೋಣಿಯೊಂದನ್ನು ನಮ್ಮಣ್ಣ ಕೊಂಡು ಊರಿಗೆ ತಂದಿದ್ದಾರೆ. 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗಿನಿಂದ ಹಿನ್ನೀರಿನಲ್ಲಿ ದೋಣಿ ಬಿಡಬೇಕೆಂಬ ಆಸೆ ಅವರಿಗೆ. ಅನುಮತಿಗೆ ಓಡಾಡುತ್ತಿದ್ದೇವೆ. ಆದರೆ ಅಲ್ಯೂಮಿನಿಯಂ ಹಾಯಿಕಂಬದ ಎರಡು ತುಂಡುಗಳು ಒಂದರೊಳಗೊಂದು ಕಚ್ಚಿಕೊಂಡುಬಿಟ್ಟಿವೆ. ಆ ಕಡೆ ಈ ಕಡೆ ನಿಂತು ಜಗ್ಗಿದರೂ ಅಲುಗುತ್ತಿಲ್ಲ. ಸಂದಿಯಲ್ಲಿ ಬಿಳಿ ಪುಡಿ ಕಾಣುತ್ತದೆ. ವೆಲ್ಡಿಂಗ್ ಅಂಗಡಿಯವರು ಗ್ಯಾಸ್‌ನಲ್ಲಿ ಕಾಯಿಸಿ ಬಡಿದು ಬಿಡಿಸಿಕೊಡುತ್ತೇನೆ ಅನ್ನುತ್ತಾರೆ. ಕೊಡಬಹುದೇ?
– ಓದುಗರು, ಹಿರಿಯೂರು

ಉತ್ತರ: ದಯವಿಟ್ಟು ಕೊಡಬೇಡಿ. ಕಬ್ಬಿಣ ಕಾದರೆ ಕೆಂಪಗಾಗುತ್ತದೆ, ಕೆಲಸಗಾರ ಆ ಬಣ್ಣ ನೋಡಿಯೇ ಹದ ಹಿಡಿಯುತ್ತಾನೆ. ಅಲ್ಯೂಮಿನಿಯಂ ಅಂಥ ಸುಳಿವು ಕೊಡುವುದಿಲ್ಲ. ನೋಡನೋಡುತ್ತ 660 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿ ಕುಸಿಯುತ್ತದೆ. ಅದಕ್ಕೂ ಎಷ್ಟೋ ಮೊದಲು, 200 ಡಿಗ್ರಿ ದಾಟುತ್ತಿದ್ದಂತೆ, ಕಾರ್ಖಾನೆಯಲ್ಲಿ ಹದಗೊಳಿಸಿದ ಗಡಸುತನ ಇಳಿಯತೊಡಗುತ್ತದೆ. ಕಂಬ ಕಣ್ಣಿಗೆ ಮೊದಲಿನಂತೆಯೇ ಇರುತ್ತದೆ. ಜೋರು ಗಾಳಿ ಬೀಸಿದಾಗ ನೀರಿನ ನಡುವೆ ಬಾಗುತ್ತದೆ. ಸಂದಿಯ ಬಳಿ ಮೇಲಿನ ತುಂಡಿಗೆ ಬಳೆಯಂತೆ ಹಾಕಿರುವ ಪ್ಲಾಸ್ಟಿಕ್ ಕಾಲರ್ ಮತ್ತು ಬುಡದ ಬಿರಡೆಯೂ ಗ್ಯಾಸ್ ಬೆಂಕಿಗೆ ಉಳಿಯುವುದಿಲ್ಲ.

ನೀವು ಕಂಡ ಬಿಳಿ ಪುಡಿಯಲ್ಲಿ ಸಮುದ್ರದ ಉಪ್ಪೂ ಇರಬಹುದು, ಅಲ್ಯೂಮಿನಿಯಂ ತುಕ್ಕೂ ಇರಬಹುದು. ಈ ತುಕ್ಕು ತಾನು ಹುಟ್ಟಿದ ಲೋಹಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ, ಅದಕ್ಕೇ ಸಂದಿ ಬಿಗಿಯುತ್ತದೆ. ಎಲ್ಲರೂ ಮೊದಲು ಎಣ್ಣೆ ಬಿಡುತ್ತಾರೆ. ಆದರೆ ಉಪ್ಪು ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಕಂಬವನ್ನು ಓರೆಯಾಗಿ ನಿಲ್ಲಿಸಿ, ಕಾಲರ್ ಸುತ್ತ ಉಗುರುಬೆಚ್ಚಗಿನ ಸಿಹಿನೀರನ್ನು ಎರಡು ಮೂರು ದಿನ ಆಗಾಗ ಹುಯ್ಯಿರಿ. ನಡುನಡುವೆ ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ. ಒಳಗಿನ ಮರಳು ಸಡಿಲವಾಗಲಿ. ಪೂರ್ತಿ ಒಣಗಿದ ಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಕಾಸ್ಟಿಕ್ ಸೋಡಾ, ಕಕ್ಕಸು ತೊಳೆಯುವ ಆಸಿಡ್ ಹತ್ತಿರ ತರಬೇಡಿ, ಎರಡೂ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತವೆ.

ಇನ್ನು ಬಿಸಿ. ಅದಕ್ಕೆ ಕುದಿಯುವ ನೀರೇ ಸಾಕು. ಕಾಲರ್‌ನಿಂದ ಮೇಲಿರುವ ತುಂಡಿಗೆ ಐಸ್ ತುಂಬಿದ ಗೋಣಿಚೀಲ ಸುತ್ತಿ ಚೆನ್ನಾಗಿ ತಣ್ಣಗಾಗಲು ಬಿಡಿ. ಆಮೇಲೆ ಕೆಳತುಂಡಿನ ಬಾಯಿಗೆ, ಹೊರಗಡೆ ಮಾತ್ರ, ಕುದಿನೀರು ಸುರಿಯಿರಿ. ಆರು ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಪೈಪು 60 ಡಿಗ್ರಿ ಹೆಚ್ಚು ಕಾದರೆ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟೂ ಹಿಗ್ಗುವುದಿಲ್ಲ, ನಿಜ. ಆದರೆ ಬಿಗಿ ಬಿಡಿಸಲು ಬೇಕಾದದ್ದೂ ಅಷ್ಟೇ. ಬಿಸಿ ಒಳಗಿನ ತುಂಡಿಗೂ ಬೇಗ ಹರಡುತ್ತದೆ, ಹಾಗಾಗಿ ಸುರಿದ ಕೂಡಲೇ ತಿರುಗಿಸಬೇಕು. ಕೈಗೆ ದಪ್ಪ ಕೈಗವಸು ಇರಲಿ. (ಚನ್ನಗಿರಿ ಕಡೆ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಸಿಕ್ಕಿಕೊಂಡರೆ ಈ ಉಪಾಯ ನಡೆಯದು. ಕಾರ್ಬನ್ ಬಿಸಿಗೆ ಹಿಗ್ಗುವುದೇ ಇಲ್ಲ ಅನ್ನಬಹುದು.)

ಎಳೆಯುವುದಕ್ಕಿಂತ ತಿರುಚುವುದು ಮುಖ್ಯ, ನಿಮ್ಮ ಶ್ರಮ ವ್ಯರ್ಥವಾದದ್ದು ಇಲ್ಲೇ. ಎರಡೂ ತುಂಡುಗಳಿಗೆ ಹಳೆಯ ಸೈಕಲ್ ಟ್ಯೂಬನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ಹಗ್ಗ ಸುತ್ತಿ, ಹಗ್ಗದ ಕುಣಿಕೆಗೆ ಕೋಲು ತೂರಿಸಿ. ಒಬ್ಬರು ಅತ್ತ, ಒಬ್ಬರು ಇತ್ತ ತಿರುವಿ. ಒಂದೇ ಕಡೆ ಜೋರು ಹಾಕದೆ, ಹಿಂದೆ ಮುಂದೆ ಕೊಂಚಕೊಂಚ ಆಡಿಸಿ. ಸ್ವಲ್ಪ ಸರಿದರೂ ಮತ್ತೆ ನೀರು, ಮತ್ತೆ ಸ್ಪ್ರೇ. ಸಲೀಸಾಗಿ ತಿರುಗಲು ಶುರುವಾದ ಮೇಲೆ ತಿರುಗಿಸುತ್ತಲೇ ಎಳೆಯಿರಿ. ಬೋರ್‌ವೆಲ್ ಪೈಪ್ ಬಿಚ್ಚುವವರ ಪೈಪ್ ಪಾನ ಮಾತ್ರ ಬೇಡ. ಜಿಐ ಪೈಪಿಗೆ ಸರಿಹೋಗುವ ಆ ಹಲ್ಲು ಈ ತೆಳು ಗೋಡೆಯನ್ನು ನೆಗ್ಗಿಸುತ್ತದೆ, ನೆಗ್ಗಿದ ತುಂಡು ಮುಂದೆಂದೂ ಹೊರಬರದೆ ಹೋಗಬಹುದು. ಕಂಬಕ್ಕೆ ರಿವೆಟ್ ಹೊಡೆದ ಕೊಂಡಿಗಳನ್ನೂ ಹಿಡಿಕೆ ಮಾಡಿಕೊಳ್ಳಬೇಡಿ.

ಬಿಡಿಸಿದ ಮೇಲೆ ಕಾಲರ್ ಹತ್ತಿರದ ರಿವೆಟ್ ತೂತನ್ನು ಬಿಸಿಲಿನಲ್ಲಿ ಹಿಡಿದು ನೋಡಿ. ಈ ದೋಣಿಗಳ ಮೇಲ್ತುಂಡು ಮುರಿಯುವುದು ಹೆಚ್ಚಾಗಿ ಅಲ್ಲೇ. ಕೂದಲೆಳೆಯ ಬಿರುಕು ಕಂಡರೂ ಆ ತುಂಡು ಬದಲಿಸಿ. ಬಿರುಕಿಲ್ಲದಿದ್ದರೆ ಎರಡನ್ನೂ ತೊಳೆದು ಒಣಗಿಸಿ, ಗ್ರೀಸ್ ಹಚ್ಚದೆ ಜೋಡಿಸಿ. ಗ್ರೀಸ್‌ಗೆ ಹಿನ್ನೀರಿನ ಮರಳು ಅಂಟುತ್ತದೆ. ಪ್ರತಿ ಸಲ ದಡಕ್ಕೆ ಬಂದ ದಿನವೇ ಬಿಚ್ಚಿಡಿ.