ಜರ್ಮನ್ ರಂಗತಂಡದ ಜೊತೆ ಕೆಲಸ ಮಾಡಿದ್ರೆ ನಮ್ಮ ಕಲಾವಿದರಿಗೆ ನಿಜವಾಗ್ಲೂ ಏನ್ ಸಿಗುತ್ತೆ?

ಧಾರವಾಡದಲ್ಲಿ ಹವ್ಯಾಸಿ ತಂಡ ನಡೆಸ್ತೀವಿ, ಜರ್ಮನಿಯ ಒಂದು ಥಿಯೇಟರ್ ಜೊತೆ ಎಕ್ಸ್‌ಚೇಂಜ್ ಮಾಡೋ ಮಾತುಕತೆ ನಡೀತಿದೆ, ಆದ್ರೆ ಹೋಗಿ ಬಂದವರೆಲ್ಲ "ಅದ್ಭುತ ಅನುಭವ" ಅಂತಾರೆ ಹೊರತು ಏನ್ ಸಿಕ್ತು ಅಂತ ಬಿಡಿಸಿ ಹೇಳಲ್ಲ ಅಂತ ಕೇಳಿದೀರಿ. ನಾನು ಬೆಂಗಳೂರಿನ ನಟಿ, ಅಂಥ ಒಂದು ಪ್ರಾಜೆಕ್ಟಲ್ಲಿ ಇದ್ದೆ. ಅವರು ಇಲ್ಲಿಗೆ ಬಂದು ನಮ್ಮ ಜೊತೆ ತಾಲೀಮು ಮಾಡಿದ್ರು, ಆಮೇಲೆ ನಾವು ಅಲ್ಲಿಗೆ ಹೋದ್ವಿ, ಊರು ಬಿಟ್ಟು ಬಂದವರ ಬಗ್ಗೆ ಒಂದು ನಾಟಕ ಒಟ್ಟಿಗೆ ಕಟ್ಟಿ ಎರಡೂ ಕಡೆ ಶೋ ಮಾಡಿದ್ವಿ. ಆ ಥಿಯೇಟರಿನ ಹೆಸರು ಇಲ್ಲಿ ಬೇಡ, ನಡೆದದ್ದು ಮಾತ್ರ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಅಭಿನಯ ಕಲಿಯೋಕೆ ಅಂತಾನೇ ಹೋಗೋದಾದ್ರೆ ಅಷ್ಟು ದೂರ ಹೋಗ್ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ನಮ್ಮ ನಟರು ಹಾಡ್ತಾರೆ, ಕುಣೀತಾರೆ, ಇಡೀ ನಾಟಕದ ಮಾತು ವಾರದಲ್ಲಿ ಬಾಯಿಪಾಠ ಮಾಡ್ತಾರೆ, ಮೈಕ್ ಕೈಕೊಟ್ರೂ ಕೊನೇ ಸಾಲಿಗೆ ಕೇಳಿಸ್ತಾರೆ, ಇದನ್ನೆಲ್ಲ ಆ ಜರ್ಮನ್ ನಟರೇ ಬಾಯಿ ಬಿಟ್ಕೊಂಡು ನೋಡಿದ್ದನ್ನ ನಾನು ಕಂಡಿದೀನಿ. ಅಲ್ಲಿ ಸಿಗೋದು ಬೇರೆ. ನಟನ ಸುತ್ತಮುತ್ತ ನಡೆಯೋ ಕೆಲಸ ಇದೆಯಲ್ಲ, ಅದನ್ನ ಒಂದು ಊರು ಎಷ್ಟು ಗಂಭೀರವಾಗಿ ತಗೋಬಹುದು ಅನ್ನೋದು ಕಣ್ಣಾರೆ ಕಾಣುತ್ತೆ. ಜರ್ಮನಿಯಲ್ಲಿ ಮೈಸೂರಿಗಿಂತ ಎಷ್ಟೋ ಚಿಕ್ಕ ಊರಲ್ಲೂ ನಗರಸಭೆ ಮತ್ತೆ ರಾಜ್ಯ ಸರ್ಕಾರದ ದುಡ್ಡಲ್ಲಿ ನಡೆಯೋ ಥಿಯೇಟರ್ ಇರುತ್ತೆ, ದೇಶದಲ್ಲಿ ಇಂಥವು ಸುಮಾರು 140 ಇವೆ. ನಟರಿಗೆ ತಿಂಗಳ ಸಂಬಳ, ಥಿಯೇಟರಿಗೇ ಸ್ವಂತ ಬಡಗಿಗಳು, ಟೈಲರ್‌ಗಳು, ವಿಗ್ ಮಾಡೋರು. ಇವತ್ತು ಒಂದು ನಾಟಕ, ನಾಳೆ ಇನ್ನೊಂದು, ರಾತ್ರಿ ಸೆಟ್ ಬಿಚ್ಚಿ ಬೆಳಗ್ಗೆ ಇನ್ನೊಂದು ಸೆಟ್ ನಿಲ್ಲಿಸ್ತಾರೆ. ಒಂದು ಹೊಸ ನಾಟಕಕ್ಕೆ ಆರರಿಂದ ಎಂಟು ವಾರ ತಾಲೀಮು, ಅದೂ ಬೆಳಗ್ಗೆ ಹತ್ತರಿಂದ ಎರಡರವರೆಗೆ, ಮತ್ತೆ ಸಂಜೆ ಆರರಿಂದ ಹತ್ತರವರೆಗೆ.

ನಮ್ದು ನಿಮಗೆ ಗೊತ್ತೇ ಇದೆ. ಆಫೀಸ್ ಮುಗಿಸಿ, ಟ್ರಾಫಿಕ್ ದಾಟಿ, ಏಳು ಗಂಟೆಗೆ ಯಾವುದೋ ಶಾಲೆಯ ರೂಮಲ್ಲಿ ಬೆಂಚು ಪಕ್ಕಕ್ಕೆ ತಳ್ಳಿ ಶುರು ಮಾಡೋದು, ಒಬ್ಬ ಸೀರಿಯಲ್ ಶೂಟಿಂಗ್ ಅಂತ ಬಂದಿರಲ್ಲ, ಅವನ ಬದಲಿಗೆ ಇನ್ನೊಬ್ಬ ಮಾತು ಓದ್ತಾ ಇರ್ತಾನೆ, ವಾಚ್‌ಮನ್ ಒಂಬತ್ತೂವರೆಗೆ ಬೀಗ ಅಲ್ಲಾಡಿಸ್ತಾ ಬಾಗಿಲಲ್ಲಿ ನಿಂತಿರ್ತಾನೆ. ಹಾಗಂತ ಪೂರ್ಣಾವಧಿ ಕೆಲಸ ನಮ್ಮಲ್ಲಿ ಇಲ್ವೇ ಇಲ್ಲ ಅಂತಲ್ಲ, ಬಿ.ವಿ. ಕಾರಂತರು 1989ರಲ್ಲಿ ಮೈಸೂರಲ್ಲಿ ರಂಗಾಯಣ ಶುರು ಮಾಡಿದ್ದು ಸಂಬಳ ತಗೊಂಡು ದಿನವಿಡೀ ನಾಟಕ ಮಾಡೋ ಕಲಾವಿದರ ತಂಡ ಅಂತಾನೇ, ಈಗ ನಿಮ್ಮ ಧಾರವಾಡದಲ್ಲೂ ರಂಗಾಯಣ ಇದೆ, ಹೆಗ್ಗೋಡಿನ ನೀನಾಸಮ್ ರಂಗಸಂಸ್ಥೆಯ ಸಂಚಾರಿ ತಂಡ ತಿರುಗಾಟ 1985ರಿಂದ ಊರೂರು ಸುತ್ತುತ್ತಾ ಇದೆ. ನಮಗೆ ಗೊತ್ತಿಲ್ಲದ್ದೇನಲ್ಲ, ಸಾಕಷ್ಟು ಇಲ್ಲ ಅಷ್ಟೇ. ಸಮಯಕ್ಕೆ ಸರಿಯಾಗಿ ಬರೋದನ್ನ ಜರ್ಮನ್ನರಿಂದ ಕಲಿತ್ವಿ ಅಂತ ಯಾರಾದ್ರೂ ಹೇಳಿದ್ರೆ ನಂಗೆ ಬೇಜಾರಾಗುತ್ತೆ. ಬೆಂಗಳೂರಿನ ರಂಗಶಂಕರ ಥಿಯೇಟರಲ್ಲಿ ಏಳೂವರೆ ಅಂದ್ರೆ ಏಳೂವರೆ, ತಡವಾಗಿ ಬಂದ್ರೆ ಯಾರೇ ಆಗಿದ್ರೂ ಒಳಗೆ ಬಿಡಲ್ಲ, 2004ರಿಂದ ಹಾಗೇ ನಡ್ಕೊಂಡು ಬಂದಿದೆ.

ನನ್ನನ್ನ ನಿಜವಾಗಿ ಹಿಡಿದು ಅಲ್ಲಾಡಿಸಿದ್ದು ಡ್ರಾಮಟರ್ಗ್ ಅಂತ ಇರ್ತಾರಲ್ಲ, ಅವರ ಕೆಲಸ. ಡೈರೆಕ್ಟರ್ ಪಕ್ಕ ಸ್ಕ್ರಿಪ್ಟ್ ಇಟ್ಕೊಂಡು ಕೂತಿರ್ತಾರೆ, ನಾಟಕದ ಹಿನ್ನೆಲೆ ಓದಿರ್ತಾರೆ, ಬರಹ ತಿದ್ದೋಕೆ ಸಹಾಯ ಮಾಡ್ತಾರೆ, ಎಲ್ಲದಕ್ಕಿಂತ ಹೆಚ್ಚಾಗಿ "ಇದು ಯಾಕೆ" ಅಂತ ಕೇಳ್ತಾನೇ ಇರ್ತಾರೆ. ನಮ್ಮ ನಾಟಕದಲ್ಲಿ ಒಂದು ದೃಶ್ಯ ಇತ್ತು, ರಾತ್ರಿ ಹೊತ್ತು ಯಾರೋ ಅಪರಿಚಿತ ಮನೆ ಬಾಗಿಲಿಗೆ ಬರ್ತಾನೆ, ನನ್ನ ಪಾತ್ರ ಅವನಿಗೆ ಒಂದು ಚೊಂಬು ನೀರು ಕೊಡುತ್ತೆ. ಆಯಮ್ಮ ಕೇಳಿದ್ರು, ಯಾಕೆ ಕೊಡ್ತೀಯ? ಮನೆಗೆ ಬಂದವರಿಗೆ ನೀರು ಕೊಡೋದು ನಮ್ಮಲ್ಲಿ ವಾಡಿಕೆ ಅಂದೆ. ಸರಿ, ಆದ್ರೆ ನಾಲ್ಕು ಮಾತು ಹಿಂದೆ ಅವನನ್ನ ಕಂಡ್ರೆ ಭಯ ಅಂತ ನೀನೇ ಹೇಳಿದೀಯ, ಆ ಭಯ ಕೈಯಲ್ಲಿ ಎಲ್ಲಿದೆ ಅಂದ್ರು. ಅದಕ್ಕೆ ನಾನು ಚೊಂಬನ್ನ ಹೊಸ್ತಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಬಂದೆ, ಅವನು ಬಗ್ಗಿ ತಗೋಬೇಕು. ಜರ್ಮನ್ ಕಡೆಯವರಿಗೆಲ್ಲ ತುಂಬಾ ಇಷ್ಟ ಆಯ್ತು, ಡೈರೆಕ್ಟರ್ ಅದನ್ನೇ ಫಿಕ್ಸ್ ಮಾಡೋಣ ಅಂದ್ರು.

ಆಗ ನಮ್ಮ ತಂಡದ ರಾಯಚೂರಿನ ಹುಡುಗ ತಡೆದ. ನೀವು ಇಲ್ಲಿ ಕೂತು ನೋಡಿದ್ರೆ ಭಯ ಕಾಣುತ್ತೆ, ನಮ್ಮೂರಲ್ಲಿ ಇದನ್ನ ನೋಡಿದವರಿಗೆ ಜಾತಿ ಕಾಣುತ್ತೆ, ಮುಟ್ಟಬಾರದು ಅಂತ ದೂರ ಇಟ್ಟು ಕೊಡೋದನ್ನ ನಮ್ಮಜ್ಜ ಜೀವನಪೂರ್ತಿ ನೋಡಿದಾರೆ, ಆ ಅರ್ಥ ಬೇಕು ಅಂತಿದ್ರೆ ಬೇಕಂತಲೇ ಇಡಿ, ಗೊತ್ತಿಲ್ಲದೆ ಇಡಬೇಡಿ ಅಂದ. ಇಡೀ ರೂಮು ಸುಮ್ಮನಾಗಿ, ಆಮೇಲೆ ಮಧ್ಯಾಹ್ನ ಪೂರ್ತಿ ಅದೇ ಮಾತು. ತಾಲೀಮು ನಿಲ್ಲಿಸಿ ಮಾತಾಡೋಕೆ ಅವರ ವ್ಯವಸ್ಥೆಯಲ್ಲಿ ಸಮಯ ಇತ್ತು, ಇದನ್ನ ನೀವು ಗಮನಿಸ್ಬೇಕು, ನಮ್ಮಲ್ಲಾಗಿದ್ರೆ ಶೋ ಹತ್ರ ಬಂತು ಮುಂದೆ ಹೋಗೋಣ ಅಂತಿದ್ವಿ. ಕೊನೆಗೆ ಅವನು ಕೈ ಚಾಚ್ತಾನೆ, ನಾನು ತಡೆದು ತಡೆದು ಅವನ ಕೈಗೇ ಕೊಡ್ತೀನಿ, ಬೆರಳು ತಾಗುತ್ತೆ, ಹೀಗೆ ಆಯ್ತು. ಎರಡೂ ದೇಶದಲ್ಲಿ ಅದೇ ಉಳೀತು. ಪ್ರಶ್ನೆ ಅವರ ಕಡೆಯಿಂದ ಬಂತು, ಉತ್ತರ ರಾಯಚೂರಿಂದ ಬಂತು, ಎಕ್ಸ್‌ಚೇಂಜ್ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಮಧ್ಯಾಹ್ನದ ಬಗ್ಗೇನೇ ಹೇಳೋದು.

ಇನ್ನೊಂದು, ಬೆಂಕಿ. ನಮ್ಮ ನಾಟಕದಲ್ಲಿ ನಿಜವಾದ ಎಣ್ಣೆ ದೀಪ ಹಿಡ್ಕೊಂಡು ನಡೆಯೋ ಭಾಗ ಇತ್ತು, ಇಲ್ಲಿ ನಾವು ಯೋಚನೇನೂ ಮಾಡಲ್ಲ. ಅಲ್ಲಿ ಫೈರ್ ಸೇಫ್ಟಿಯವರು ಬಂದ್ರು, ಸೆಟ್‌ನ ಬಟ್ಟೆಯ ಒಂದು ಚೂರು ಕತ್ತರಿಸಿ ಹೊರಗೆ ತಗೊಂಡು ಹೋಗಿ ಲೈಟರ್ ಹಿಡಿದು ಎಷ್ಟು ಬೇಗ ಹತ್ತುತ್ತೆ ಅಂತ ನೋಡಿದ್ರು, ನನ್ನ ಸೀರೆ ಸೆರಗು ದೀಪದಿಂದ ಎಷ್ಟು ದೂರ ಇರುತ್ತೆ ಅಂತ ನನ್ನನ್ನ ನಿಧಾನಕ್ಕೆ ನಡೆಸಿ ನೋಡಿದ್ರು, ಬಟ್ಟೆಗೆ ಬೆಂಕಿ ಬೇಗ ಹಿಡೀದಿರೋ ದ್ರಾವಣ ಹೊಡೆಸಿದ್ರು. ಆಮೇಲೆ ಪ್ರತಿ ಶೋನಲ್ಲೂ ಯೂನಿಫಾರ್ಮ್ ಹಾಕ್ಕೊಂಡು ಒಬ್ಬರು ಸೈಡ್ ವಿಂಗಲ್ಲಿ ನಿಂತಿರೋರು, ದೀಪ ಆರಿದ ಮೇಲೇನೇ ಅವರು ಕದಲೋದು. ಇಲ್ಲಿ ಎಷ್ಟು ಹವ್ಯಾಸಿ ತಂಡಗಳು ಬಯಲಲ್ಲಿ ಪಂಜು ಹಿಡಿದು ಓಡ್ತಾವೆ, ಪಕ್ಕದಲ್ಲಿ ಒಂದು ಬಕೆಟ್ ಮರಳಾದ್ರೂ ಇರುತ್ತಾ? ವಾಪಸ್ ಬಂದ ಮೇಲೆ ನಾವು ಬದಲಾಯಿಸಿಕೊಂಡ ಮೊದಲನೇ ವಿಷಯ ಅದು, ಅದಕ್ಕೆ ದುಡ್ಡೂ ಬೇಕಾಗಿಲ್ಲ. ಇನ್ನೊಂದು ಹಾಗೇ ತಂದಿದ್ದು ಅಂದ್ರೆ, ಸೆಟ್ ಮಾಡೋಕೆ ತಿಂಗಳುಗಟ್ಟಲೆ ಮುಂಚೆನೇ ಪಟ್ಟಿ ಮರ, ಹಳೇ ಬಟ್ಟೆ, ರಟ್ಟು ಇವುಗಳಲ್ಲೇ ಅದೇ ಅಳತೆಯ ಸೆಟ್ ಸ್ಟೇಜ್ ಮೇಲೆ ನಿಲ್ಲಿಸಿ, ಬಾಲ್ಕನಿಯಿಂದ ಕಾಣುತ್ತಾ ಇಲ್ವಾ, ಬಾಗಿಲು ಅಗಲ ಸಾಕಾ ಅಂತ ನೋಡೋದು. ನಮ್ಮಲ್ಲಿ ಸೆಟ್ ಮೊದಲ ಸಲ ನೋಡೋದೇ ಶೋ ದಿನ ಬೆಳಗ್ಗೆ.

ಕಷ್ಟದ ಮಾತೂ ಹೇಳ್ಬೇಕು. ಶುರುವಿನಲ್ಲಿ ಅವರಿಗೆ ನಮ್ಮಿಂದ ಬೇಕಾಗಿದ್ದು "ಭಾರತೀಯ" ಅಂತ ಕಾಣೋದು. ನಮ್ಮಲ್ಲಿ ಉಡುಪಿ ಕಡೆಯ ಒಬ್ಬರು ಯಕ್ಷಗಾನದಲ್ಲಿ ಬೆಳೆದವರು, ಅವರ ಹೆಜ್ಜೆ ನೋಡಿ ಇದನ್ನ ಈ ಸೀನಲ್ಲಿ ಹಾಕೋಣ, ಅದನ್ನ ಆ ಸೀನಲ್ಲಿ ಹಾಕೋಣ ಅಂತ ಶುರು ಆಯ್ತು. ನಮ್ಮ ಯಕ್ಷಗಾನದವರು ಸಿಟ್ಟು ಮಾಡ್ಕೊಳ್ಳಲಿಲ್ಲ, ಈ ಹೆಜ್ಜೆ ಈ ತಾಳಕ್ಕೆ, ಈ ಪಾತ್ರ ರಂಗಕ್ಕೆ ಬರೋವಾಗ ಬರೋದು, ಬೇಕಾದ್ರೆ ಮೊದಲು ತಾಳ ಕಲಿಯಿರಿ ಅಂತ ಎಲ್ಲರನ್ನೂ ನೆಲದ ಮೇಲೆ ಕೂರಿಸಿ ಕೈತಾಳ ಹಾಕಿಸಿದ್ರು. ಜರ್ಮನ್ ನಟರು ಮನಸ್ಸಿಟ್ಟು ಕಲಿತ್ರು, ಅದನ್ನ ನಾನು ಮೆಚ್ಚಲೇಬೇಕು. ಕೊನೆಗೆ ನಾಟಕದಲ್ಲಿ ಉಳಿದದ್ದು ಕುಣಿತ ಅಲ್ಲ, ತೆರೆ. ಇಬ್ಬರು ಒಂದು ಬಟ್ಟೆ ಹಿಡ್ಕೊಂಡು ನಿಲ್ತಾರಲ್ಲ, ಅಷ್ಟೇ. ಗಡಿ ದಾಟೋ ದೃಶ್ಯಕ್ಕೆ ಜರ್ಮನ್ ತಂಡದ ಡಿಸೈನರ್ ಪಕ್ಕಕ್ಕೆ ಸರಿಯೋ ಗೋಡೆ ಪ್ಲಾನ್ ಮಾಡಿದ್ರು, ತೆರೆ ನೋಡಿದ ಮೇಲೆ ಅದನ್ನ ಕೈಬಿಟ್ರು.

ಇದರಲ್ಲಿ ಹೊಸದೇನೂ ಇಲ್ಲ ಅಂತ ಆಮೇಲೆ ಓದಿದಾಗ ಗೊತ್ತಾಯ್ತು. ಕಾರ್ನಾಡರ ಹಯವದನದಲ್ಲೂ ಇದೇ ಅರ್ಧ ತೆರೆ ಇದೆ, ಆ ನಾಟಕದ ಕತೆಯ ದಾರಿಯೇ ನೋಡಿ, ಕಥಾಸರಿತ್ಸಾಗರದ ತಲೆ ಅದಲುಬದಲಾದ ಕತೆಯನ್ನ ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಬರೀತಾರೆ, ಅದರಿಂದ ಹೊಳೆದು ಕಾರ್ನಾಡರು 1971ರಲ್ಲಿ ಕನ್ನಡದಲ್ಲಿ ನಾಟಕ ಮಾಡ್ತಾರೆ, ಅದನ್ನ ಮರಾಠಿ ನಿರ್ದೇಶಕಿ ವಿಜಯಾ ಮೆಹ್ತಾ 1984ರಲ್ಲಿ ಜರ್ಮನಿಯ ವೈಮಾರ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಜರ್ಮನ್ ನಟರಿಗೆ ಮಾಡಿಸ್ತಾರೆ. ಅದೇ ವೈಮಾರ್‌ನಿಂದ ನಿರ್ದೇಶಕ ಫ್ರಿಟ್ಜ್ ಬೆನ್ನೆವಿಟ್ಜ್ 1970ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಎನ್‌ಎಸ್‌ಡಿಗೆ ಜರ್ಮನ್ ನಾಟಕಕಾರ ಬ್ರೆಕ್ಟ್ ನಾಟಕ ಮಾಡಿಸೋಕೆ ಬಂದವರು, ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಬರ್ತಾನೇ ಇದ್ರು, ಒಂದೇ ಸಲ ವರ್ಕ್‌ಶಾಪ್ ಮಾಡಿ ಹೋದವರಲ್ಲ. ಪುಣೆಯಲ್ಲಿ ನಟ ಮೋಹನ್ ಆಗಾಶೆ ಬರ್ಲಿನ್‌ನ ಗ್ರಿಪ್ಸ್ ಮಕ್ಕಳ ರಂಗಭೂಮಿಯನ್ನ 1986ರಿಂದ ಮರಾಠಿಯಲ್ಲಿ ಬೆಳೆಸಿದ್ದೂ ಹಾಗೇ. ನಮ್ಮ ಬೆಂಗಳೂರಲ್ಲಿ ರಂಗಶಂಕರ ಮತ್ತೆ ಮಾನ್‌ಹೈಮ್‌ನ ಶ್ನಾವ್ಲ್ ಮಕ್ಕಳ ಥಿಯೇಟರ್ ಸೇರಿ ಮಾಡಿದ ಸೂಟ್‌ಕೇಸ್ ಹಿಡಿದ ಹುಡುಗನ ನಾಟಕ ನೆನಪಿರಬಹುದು, ಗಾಯಕಿ, ನಟಿ ಎಂ.ಡಿ. ಪಲ್ಲವಿ ಅದರಲ್ಲಿದ್ರು, ಅದೇ ಪಲ್ಲವಿ ಆಮೇಲೆ ಜರ್ಮನ್ ನಿರ್ದೇಶಕಿ ಸೋಫಿಯಾ ಸ್ಟೆಫ್ ಜೊತೆ 'ಸಿ ಶಾರ್ಪ್ ಸಿ ಬ್ಲಂಟ್' ಅನ್ನೋ ಏಕವ್ಯಕ್ತಿ ನಾಟಕ ಮಾಡಿದ್ರು, ಮೊಬೈಲ್ ಆ್ಯಪ್ ಆಗಿರೋ ಒಬ್ಬ ಹೆಣ್ಣಿನ ಕತೆ, ಅದರಲ್ಲಿ ಭಾರತ ಅಂತ ತೋರಿಸೋಕೆ ಆನೆ ಕುದುರೆ ಏನೂ ಬೇಕಾಗಲಿಲ್ಲ. ಗಟ್ಟಿಯಾಗಿ ಉಳಿದ ಕೆಲಸಗಳೆಲ್ಲ ವರ್ಷಗಟ್ಟಲೆ ಒಡನಾಟದಿಂದ ಬಂದವು.

ಶೋ ಆದ ಮೇಲೆ ಪ್ರೇಕ್ಷಕರ ಜೊತೆ ಮಾತುಕತೆ ಇರುತ್ತೆ ಅಲ್ಲಿ. ಒಂದು ಕಡೆ ಅದು ತುಂಬಾ ಒಳ್ಳೇದು, ಇಲ್ಲಿನ ಹಾಗೆ "ಚೆನ್ನಾಗಿತ್ತು ಮೇಡಂ" ಅಂತ ಕೈಕುಲುಕಿ ಹೋಗಲ್ಲ, ಇಂಥ ದೃಶ್ಯ ನಂಗೆ ಒಪ್ಪಿಗೆ ಆಗ್ಲಿಲ್ಲ ಅಂತ ನೇರ ಹೇಳ್ತಾರೆ. ಅಲ್ಲಿನ ಬೇರೊಂದು ನಾಟಕದ ಮೊದಲ ಶೋಗೆ ಹೋಗಿದ್ದೆ, ನಟರಿಗೆ ಜೋರು ಚಪ್ಪಾಳೆ ಹೊಡೆದ ಅದೇ ಜನ ಡೈರೆಕ್ಟರ್ ಸ್ಟೇಜಿಗೆ ಬಂದ ತಕ್ಷಣ ಬೂ ಅಂತ ಕೂಗಿದ್ರು, ಅವರು ನಗ್ತಾ ನಮಸ್ಕಾರ ಮಾಡಿದ್ರು. ಆದ್ರೆ ನಮ್ಮ ಮಾತುಕತೆಗಳಲ್ಲಿ ಜರ್ಮನ್ ನಟರಿಗೆ ಪಾತ್ರದ ಬಗ್ಗೆ ಪ್ರಶ್ನೆ, ನಮಗೆ ಮಾತ್ರ ಭಾರತದಲ್ಲಿ ಹೆಂಗಸರ ಸ್ಥಿತಿ, ಅರೇಂಜ್ಡ್ ಮದುವೆ ಬಗ್ಗೆ ಪ್ರಶ್ನೆ. ನಾಲ್ಕು ಕಡೆ ಹೀಗೇ ಆದ ಮೇಲೆ ನಮ್ಮ ಜೊತೆಯ ಜರ್ಮನ್ ನಟಿಯೇ ಮೈಕ್ ತಗೊಂಡು, ಇವಳು ಮೂರನೇ ದೃಶ್ಯದಲ್ಲಿ ಏನ್ ಮಾಡ್ತಾಳೆ ಅಂತ ಕೇಳಿ, ಅದನ್ನ ನಾನೂ ಕೇಳ್ಬೇಕು ಅಂತಿದೀನಿ ಅಂದಳು. ಅವಳ ಮೇಲೆ ನಂಗೆ ಪ್ರೀತಿ ಬೆಳೆದದ್ದು ಅವತ್ತು.

ಅವಳಿಂದಾನೇ ಇನ್ನೊಂದು ತಿಳೀತು, ಅಲ್ಲಿನ ಸಂಬಳ ಅಂದ್ರೆ ನಾವು ಅಂದ್ಕೊಂಡ ಹಾಗೆ ಸರ್ಕಾರಿ ನೌಕರಿ ಅಲ್ಲ. ಹೆಚ್ಚಿನವರಿಗೆ ವರ್ಷದ ಕಾಂಟ್ರಾಕ್ಟ್, ಮುಂದಿನ ಸೀಸನ್‌ಗೆ ಬೇಡ ಅಂತಿದ್ರೆ ಅಕ್ಟೋಬರ್ ಕೊನೆಯೊಳಗೆ ಪತ್ರ ಬರುತ್ತೆ, ಥಿಯೇಟರಿನ ಮುಖ್ಯಸ್ಥರು ಬದಲಾದ್ರೆ ತಂಡದ ಎಷ್ಟೋ ಜನ ಒಟ್ಟಿಗೆ ಊರು ಬಿಡ್ಬೇಕಾಗುತ್ತೆ. ಹದಿನೈದು ವರ್ಷ ಒಂದೇ ಕಡೆ ಉಳಿದವರನ್ನ ಹಾಗೆ ತೆಗೆಯೋಕಾಗಲ್ಲ, ಅದಕ್ಕೇ ಆ ಹದಿನೈದು ಮುಟ್ಟೋಕೆ ಮುಂಚೆ ತೆಗೀತಾರೇನೋ ಅನ್ನೋ ಭಯ. ಬೆಂಗಳೂರಲ್ಲಿ ನಮ್ಮ ತಾಲೀಮು ನೋಡಿ ಅವಳು ಹೇಳಿದ್ದು, ನಿಮ್ಮಲ್ಲಿ ಯಾರೂ ನಿಮ್ಮನ್ನ ಕೆಲಸದಿಂದ ತೆಗೆಯೋಕೆ ಆಗಲ್ಲ, ನಿಮ್ಮ ತಂಡ ನಿಮ್ಮದೇ, ಅದು ನಂಗಿಲ್ಲ ಅಂತ. ಹೌದು, ಆದ್ರೆ ನಮಗೆ ಸಂಬಳಾನೂ ಇಲ್ಲ ಅಂದೆ. ಇಬ್ಬರಿಗೂ ಇನ್ನೊಬ್ಬರದ್ದು ಬೇಕು ಅನ್ನಿಸಿತ್ತು.

ಈಗ ನಿಮ್ಮ ವಿಷಯ. ಹೋಗಿ, ಖಂಡಿತ ಹೋಗಿ. ಆದ್ರೆ ಮೊದಲ ಮೇಲ್‌ನಲ್ಲೇ ಕೆಲವು ವಿಷಯ ಕೇಳಿಬಿಡಿ. ಬರೀ ವರ್ಕ್‌ಶಾಪಾ ಅಥವಾ ಒಟ್ಟಿಗೆ ನಾಟಕ ಕಟ್ಟೋದಾ, ಕಟ್ಟೋದಾದ್ರೆ ಬರಹದಲ್ಲಿ ನಿಮ್ಮವರು ಒಬ್ಬರು ಇರ್ತಾರಾ, ಎರಡೂ ಕಡೆ ತಾಲೀಮಿಗೆ ಎಷ್ಟು ವಾರ, ನಿಮ್ಮ ನಟರು ರಜೆ ಹಾಕಿ ಬರೋ ದಿನಗಳಿಗೆ ಸಂಭಾವನೆ ಇದೆಯಾ ಇಲ್ಲಾ ವಿಮಾನದ ಟಿಕೆಟ್ ಮತ್ತೆ ಊಟ ಮಾತ್ರಾನಾ, ನಾಟಕದ ಹಕ್ಕು ಯಾರದ್ದು. ನಮಗೆ ಹಕ್ಕಿನ ವಿಷಯ ಕಾಗದದಲ್ಲಿ ಇರಲಿಲ್ಲ, ಹಾಗಾಗಿ ಇವತ್ತು ಆ ನಾಟಕವನ್ನ ನಾವು ಇಲ್ಲಿ ಮತ್ತೆ ಮಾಡೋಕಾಗ್ತಿಲ್ಲ, ಇದು ನಂಗೆ ಇನ್ನೂ ನೋವಿನ ವಿಷಯ. ವೀಸಾಗೆ ಆಮಂತ್ರಣ ಪತ್ರ ಬೇಗ ತರಿಸ್ಕೊಳ್ಳಿ. ದುಡ್ಡಿನ ಮೂಲ ಗೊತ್ತಿಲ್ಲ ಅಂದ್ರೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಅಂದ್ರೆ ಜರ್ಮನ್ ಸಾಂಸ್ಕೃತಿಕ ಕೇಂದ್ರ, ಇಂದಿರಾನಗರದ ಸಿಎಂಎಚ್ ರೋಡಲ್ಲಿದೆ, ಜರ್ಮನಿಯ ಕಲಾವಿದರನ್ನ ಇಲ್ಲಿನ ಸಂಸ್ಥೆಗಳ ಜೊತೆ ಇರಿಸೋ ರೆಸಿಡೆನ್ಸಿ ಅವರೇ ನಡೆಸ್ತಾರೆ, ಹೋಗಿ ಮಾತಾಡಿ. ಮತ್ತೆ ಧಾರವಾಡದ ಶೋಗಳನ್ನ ಒಪ್ಪಂದದಲ್ಲೇ ಬರೆಸಿ, ಬೆಂಗಳೂರಲ್ಲಿ ಎರಡು ಶೋ ಮಾಡಿ ಮುಗಿಸೋಣ ಅಂದ್ರೆ ಒಪ್ಕೋಬೇಡಿ, ಹುಬ್ಬಳ್ಳಿ, ಗದಗ ಕಡೆಗೂ ಒಯ್ಯೋಣ ಅಂತ ಕೇಳಿ. ತಂಡದಲ್ಲಿ ಎಷ್ಟು ಜನ, ಯಾವ ನಾಟಕ ಯೋಚಿಸ್ತಿದೀರಿ ಅಂತ ಕಾಮೆಂಟಲ್ಲಿ ಹಾಕಿದ್ರೆ ಆ ಮೇಲ್ ಬರೆಯೋಕೆ ನಾನೇ ಸಹಾಯ ಮಾಡ್ತೀನಿ.