ಕ್ಯಾಥೊಲಿಕ್ ಹೈಸ್ಕೂಲು: ಸೀಟು ಸಿಕ್ಕಮೇಲೆ ಫೀಸಿನ ನೆರವು ಕೇಳಿದರೆ ಸಾಕೇ?

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿದ್ದೀರಿ, ಮಗಳು ಎಂಟನೇ ತರಗತಿ, ಅವಳನ್ನು ಕ್ಯಾಥೊಲಿಕ್ ಹೈಸ್ಕೂಲಿಗೆ ಸೇರಿಸುವ ಮನಸ್ಸಿದೆ. ನೀವು ಕ್ರೈಸ್ತರಲ್ಲ, ಪೂರ್ತಿ ಫೀಸು ಕಟ್ಟುವುದು ಕಷ್ಟ. ಮೊದಲು ಸೀಟು ಸಿಗಲಿ, ಆಮೇಲೆ ನೆರವು ಕೇಳೋಣವೇ?

ಬೇಡ. ಎಷ್ಟೋ ಜನ ಎಡವುವುದೇ ಇಲ್ಲಿ. ಸೀಟಿನ ಅರ್ಜಿ ಬೇರೆ, ನೆರವಿನ ಅರ್ಜಿ ಬೇರೆ. ಎರಡಕ್ಕೂ ಕಡೇ ದಿನಾಂಕ ಬೇರೆ ಬೇರೆ. ಸೀಟಿನದ್ದು ಶಾಲೆಗೆ ಹೋಗುತ್ತದೆ. ನೆರವಿನದ್ದು ಸಾಮಾನ್ಯವಾಗಿ ಫ್ಯಾಕ್ಟ್ಸ್, ಕ್ಲಾರಿಟಿಯಂಥ ಹೊರಗಿನ ಕಂಪನಿಗೆ ಹೋಗುತ್ತದೆ. ನಿಮ್ಮ ಕೈಲಿ ಎಷ್ಟು ಕಟ್ಟಲು ಸಾಧ್ಯ ಅಂತ ಕಂಪನಿ ಲೆಕ್ಕ ಹಾಕಿ ತಿಳಿಸುತ್ತದೆ, ಎಷ್ಟು ಕೊಡಬೇಕು ಅನ್ನುವುದು ಮಾತ್ರ ಶಾಲೆಯ ತೀರ್ಮಾನ. ಶಾಲೆಯ ಹತ್ತಿರ ಆ ವರ್ಷಕ್ಕೆ ನೆರವಿನ ಹಣ ಇರುವುದು ಒಂದೇ ಗಂಟು. ಫೆಬ್ರವರಿ-ಮಾರ್ಚ್‌ನಲ್ಲಿ ಸೀಟಿನ ಪತ್ರ ಬರುವ ಹೊತ್ತಿಗೆ ಅದರಲ್ಲಿ ಬಹುಪಾಲು ಹಂಚಿ ಹೋಗಿರುತ್ತದೆ. ಕಾಲೇಜಿಗೆ ಸರ್ಕಾರದ ನೆರವು ಕೇಳುವ ಫ್ಯಾಫ್ಸಾ ಅರ್ಜಿಗೂ ಇದಕ್ಕೂ ಸಂಬಂಧವಿಲ್ಲ.

ಸೀಟಿನ ಅರ್ಜಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ತೆರೆಯುತ್ತದೆ, ಬಹಳ ಕಡೆ ನವೆಂಬರ್‌ನಿಂದ ಜನವರಿಯೊಳಗೆ ಮುಗಿಯುತ್ತದೆ. ಕೇಳುವುದು ಏಳನೇ ತರಗತಿಯ ಅಂಕಪಟ್ಟಿ, ಎಂಟನೆಯದರ ಮೊದಲ ಅವಧಿಯ ಅಂಕ, ಇಂಗ್ಲಿಷ್ ಮತ್ತು ಗಣಿತದ ಟೀಚರುಗಳ ಶಿಫಾರಸು, ಮಗುವೇ ಬರೆದ ಒಂದು ಸಣ್ಣ ಪ್ರಬಂಧ. ಅಂಕಪಟ್ಟಿ, ಶಿಫಾರಸುಗಳನ್ನು ಈಗಿನ ಶಾಲೆಯೇ ನೇರವಾಗಿ ಕಳಿಸಬೇಕು. ನೀವು ಕೈಯಾರೆ ಅಪ್‌ಲೋಡ್ ಮಾಡಿದ್ದು ಸಾಮಾನ್ಯವಾಗಿ ನಡೆಯುವುದಿಲ್ಲ. ಟೀಚರುಗಳಿಗೆ ಮೂರು ವಾರ ಮೊದಲೇ ಹೇಳಿಡಿ. ಡಿಸೆಂಬರ್ ರಜೆಯಲ್ಲಿ ಶಾಲೆಯ ಕಚೇರಿ ಮುಚ್ಚಿರುತ್ತದೆ, ಜನವರಿ ಮೊದಲ ವಾರದ ಕಡೇ ದಿನಾಂಕಗಳು ತಪ್ಪಿಹೋಗುವುದು ಹೀಗೆಯೇ.

ಪ್ರವೇಶ ಪರೀಕ್ಷೆ ಯಾವುದು ಅನ್ನುವುದು ಊರಿನಿಂದ ಊರಿಗೆ ಬದಲಾಗುತ್ತದೆ. ನ್ಯೂಯಾರ್ಕ್ ಕಡೆ ಟ್ಯಾಕ್ಸ್ (TACHS) ಎಂಬ ಪರೀಕ್ಷೆ (ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ), ಅದು ನವೆಂಬರ್‌ನಲ್ಲಿ. ಬೇರೆ ಹಲವು ಕಡೆ ಎಚ್‌ಎಸ್‌ಪಿಟಿ (HSPT) ಎಂಬ ಪರೀಕ್ಷೆ. ಎಚ್‌ಎಸ್‌ಪಿಟಿಯಲ್ಲಿ ಐದು ಭಾಗ, 298 ಪ್ರಶ್ನೆ, ಸುಮಾರು ಎರಡೂವರೆ ಗಂಟೆ. ಕಷ್ಟ ಇರುವುದು ಪ್ರಶ್ನೆಗಳಲ್ಲಲ್ಲ, ವೇಗದಲ್ಲಿ. ಪದಗಳ ಭಾಗದಲ್ಲಿ 60 ಪ್ರಶ್ನೆಗೆ 16 ನಿಮಿಷ, ಅಂದರೆ ಒಂದಕ್ಕೆ 16 ಸೆಕೆಂಡು. ಗಣಿತದ 64ಕ್ಕೆ 45 ನಿಮಿಷ, ಅದೂ ಸಾಮಾನ್ಯವಾಗಿ ಕ್ಯಾಲ್ಕುಲೇಟರ್ ಇಲ್ಲದೆ. ತಪ್ಪಿಗೆ ಅಂಕ ಕಡಿತವಿಲ್ಲ, ಆದ್ದರಿಂದ ಗೊತ್ತಿಲ್ಲದ ಕಡೆಯೂ ಒಂದು ಗುರುತು ಹಾಕಲೇಬೇಕು. ಗಡಿಯಾರ ಇಟ್ಟುಕೊಂಡು ನಾಲ್ಕು ಸಲ ಬರೆದರೆ ಸಾಕು, ತಿಂಗಳುಗಟ್ಟಲೆ ಕೋಚಿಂಗ್ ದಂಡ ಅಂತ ನನ್ನ ಅಭಿಪ್ರಾಯ. ಎರಡು ಶಾಲೆಯಲ್ಲಿ ಎರಡು ಸಲ ಬರೆಸುವ ಜಾಣತನ ಬೇಡ. ಕೆಲವು ಶಾಲೆಗಳು ಎರಡರಲ್ಲಿ ಕಡಿಮೆ ಇರುವ ಅಂಕವನ್ನೇ ತೆಗೆದುಕೊಳ್ಳುತ್ತವೆ. ಒಂದೇ ಕಡೆ ಬರೆದು, ಅಂಕವನ್ನು ಮಿಕ್ಕ ಶಾಲೆಗಳಿಗೆ ಕಳಿಸಲು ಹೇಳಿ. ಮಗುವಿಗೆ ಹೆಚ್ಚಿನ ಸಮಯದ ಸೌಲಭ್ಯ ಇದ್ದರೆ ಅದರ ಕಾಗದವನ್ನು ಪರೀಕ್ಷೆಗೆ ನೋಂದಾಯಿಸುವಾಗಲೇ ಕೊಡಬೇಕು.

ಇನ್ನು ನೆರವಿನ ಅರ್ಜಿ. ಇದು ಪೂರ್ತಿ ತೆರಿಗೆ ಕಾಗದದ ಮೇಲೆ ನಿಂತಿದೆ. 2027ರ ಆಗಸ್ಟ್‌ನಲ್ಲಿ ಸೇರುವ ಮಗುವಿಗೆ 2026ರ ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿದರೆ, ಆಗ ಕೈಲಿರುವುದು 2025ರ ರಿಟರ್ನ್. ಜನವರಿ ಕಳೆದ ಮೇಲೆ ಹಾಕಿದರೆ 2026ರ ಡಬ್ಲ್ಯೂ-2 (ಕೆಲಸ ಕೊಟ್ಟವರು ಕೊಡುವ ವರ್ಷದ ಸಂಬಳದ ಲೆಕ್ಕ) ಕೂಡ ಕೇಳಬಹುದು. 1040 ಫಾರ್ಮಿನ (ಕೇಂದ್ರ ಸರ್ಕಾರಕ್ಕೆ ಸಲ್ಲಿಸುವ ಆದಾಯ ತೆರಿಗೆ ರಿಟರ್ನ್) ಎಲ್ಲಾ ಪುಟ ಬೇಕು, ಜೊತೆಗಿರುವ ಶೆಡ್ಯೂಲುಗಳೂ ಬೇಕು. ಅರ್ಜಿ ‘ಅಪೂರ್ಣ’ ಅಂತ ಕೊಳೆಯುವುದಕ್ಕೆ ಮಾಮೂಲಿ ಕಾರಣಗಳು ಮೂರು. 1040 ಬದಲು ರಾಜ್ಯದ ರಿಟರ್ನ್ ಹಾಕಿರುತ್ತಾರೆ. ಇಲ್ಲವೇ 8879 ಹಾಕಿರುತ್ತಾರೆ, ಅದು ಬರೀ ಇ-ಫೈಲ್ ಸಹಿಯ ಹಾಳೆ. ಇಲ್ಲವೇ ಗಂಡ ಹೆಂಡತಿ ಬೇರೆ ಬೇರೆ ಫೈಲ್ ಮಾಡಿ ಒಬ್ಬರದ್ದು ಮಾತ್ರ ಕೊಟ್ಟಿರುತ್ತಾರೆ. ರಿಟರ್ನಿನ ಪ್ರತಿ ಸಿಕ್ಕದಿದ್ದರೆ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ತಾಣದಲ್ಲಿ ಟ್ರಾನ್ಸ್‌ಕ್ರಿಪ್ಟ್ (ರಿಟರ್ನಿನ ಸಾರಾಂಶ) ಪುಕ್ಕಟೆ ಸಿಗುತ್ತದೆ. ಅದು ನಡೆಯುತ್ತದೆಯೇ ಅಂತ ಮೊದಲು ಕೇಳಿಕೊಳ್ಳಿ.

ರಿಟರ್ನ್ ಇದ್ದಮೇಲೆ ಡಬ್ಲ್ಯೂ-2 ಏಕೆ? ಅದರ ಒಂದನೇ ಬಾಕ್ಸಿನಲ್ಲಿ ತೆರಿಗೆ ಬೀಳುವ ಸಂಬಳ ಮಾತ್ರ ಇರುತ್ತದೆ. 401ಕೆ ಎಂಬ ನಿವೃತ್ತಿ ಉಳಿತಾಯಕ್ಕೆ ಹಾಕಿದ ಹಣ 12ನೇ ಬಾಕ್ಸಿನಲ್ಲಿ ‘ಡಿ’ ಅಕ್ಷರದ ಎದುರು ಕೂತಿರುತ್ತದೆ. ಲೆಕ್ಕ ಹಾಕುವವರು ಅದನ್ನೂ ನೋಡುತ್ತಾರೆ. ಸ್ವಂತ ಉದ್ಯೋಗದವರು ಸವಕಳಿ ಬರೆದು ಆದಾಯ ಇಳಿಸಿದ್ದರೆ ಸಾಮಾನ್ಯವಾಗಿ ಅದನ್ನು ಮತ್ತೆ ಕೂಡಿಸುತ್ತಾರೆ. ಊರಿನ ಸೈಟು, ಬಾಡಿಗೆ ಮನೆ, ಅಲ್ಲಿನ ಠೇವಣಿ ಎಲ್ಲವನ್ನೂ, ಆಸ್ತಿಯ ಪ್ರಶ್ನೆ ಬಂದ ಕಡೆ, ಬರೆಯಿರಿ.

ಊರಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ಹಣಕ್ಕೆ ಈ ಫಾರ್ಮುಗಳಲ್ಲಿ ಸಾಮಾನ್ಯವಾಗಿ ಒಂದು ಖಾನೆ ಇರುವುದಿಲ್ಲ. ಅದನ್ನು ವಿಶೇಷ ಪರಿಸ್ಥಿತಿಯ ಪತ್ರದಲ್ಲಿ ಹೇಳಬೇಕು. ಪತ್ರ ಒಂದು ಪುಟ ಮೀರಬಾರದು: ಯಾರಿಗೆ, ತಿಂಗಳಿಗೆ ಎಷ್ಟು, ಏಕೆ, ಜೊತೆಗೆ ಹಣ ಕಳಿಸಿದ ರಸೀತಿಗಳು. ಕೆಲಸ ಹೋಗಿದ್ದರೂ, ಆಸ್ಪತ್ರೆ ಬಿಲ್ ಬಿದ್ದಿದ್ದರೂ ಇದೇ ದಾರಿ. ಗೋಳು ಬೇಡ, ಅಂಕಿ ಬೇಕು. ಕೊನೆಯಲ್ಲಿ ‘ವರ್ಷಕ್ಕೆ ಇಷ್ಟು ಡಾಲರ್ ನಾವು ಕಟ್ಟಬಲ್ಲೆವು’ ಅಂತ ಸ್ಪಷ್ಟವಾಗಿ ಬರೆಯಿರಿ. ನೆರವು ತೀರ್ಮಾನಿಸುವ ಶಾಲೆಯ ಕಮಿಟಿಗೆ ಹಿಡಿದು ಕೆಲಸ ಮಾಡಲು ಒಂದು ಸಂಖ್ಯೆ ಸಿಗುತ್ತದೆ.

ಕ್ರೈಸ್ತರಲ್ಲದ ಮಕ್ಕಳನ್ನು ಬಹುತೇಕ ಶಾಲೆಗಳು ತೆಗೆದುಕೊಳ್ಳುತ್ತವೆ. ಧರ್ಮದ ಪಾಠ ಸಾಮಾನ್ಯವಾಗಿ ನಾಲ್ಕೂ ವರ್ಷ ಕಡ್ಡಾಯ. ಶಾಲೆಯ ಬಲಿಪೂಜೆಗೆ (ಮಾಸ್) ಕೂರಬೇಕು, ಪ್ರಸಾದ ತೆಗೆದುಕೊಳ್ಳಬೇಕಿಲ್ಲ. ಕೆಲವು ಕಡೆ ಚರ್ಚಿನ ಸದಸ್ಯರಿಗೆ ಫೀಸೇ ಕಡಿಮೆ, ಆ ರಿಯಾಯಿತಿ ನಿಮಗೆ ಸಿಗದು. ಅಪವಾದಗಳೂ ಇವೆ: ನ್ಯೂಯಾರ್ಕಿನ ರೀಜಿಸ್ ಹೈಸ್ಕೂಲಿನಲ್ಲಿ ಫೀಸೇ ಇಲ್ಲ, ಆದರೆ ಅದು ಕ್ಯಾಥೊಲಿಕ್ ಹುಡುಗರಿಗೆ ಮಾತ್ರ. ಆದಾಯ ತೀರಾ ಕಡಿಮೆಯಿದ್ದರೆ ಹತ್ತಿರದಲ್ಲಿ ಕ್ರಿಸ್ಟೊ ರೇ ಶಾಲೆ ಇದೆಯೇ ನೋಡಿ. 1996ರಲ್ಲಿ ಶಿಕಾಗೊದಲ್ಲಿ ಶುರುವಾದ ಈ ಮಾದರಿಯಲ್ಲಿ ಮಕ್ಕಳು ತಿಂಗಳಿಗೆ ಸುಮಾರು ಐದು ದಿನ ಕಚೇರಿಗಳಲ್ಲಿ ದುಡಿದು ಫೀಸಿನ ದೊಡ್ಡ ಪಾಲನ್ನು ತಾವೇ ತೀರಿಸುತ್ತಾರೆ.

ಎಚ್-4 ವೀಸಾದಲ್ಲಿರುವ (ಎಚ್-1ಬಿಯಂಥ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವಂಥದ್ದು) ಮಗು ಹೈಸ್ಕೂಲು ಓದಲು ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಶಾಲೆ ಕೊಡುವ ಕಾಗದ, ಬೇಕಿಲ್ಲ. ಶಾಲೆ ತನ್ನ ಗಂಟಿನಿಂದ ಕೊಡುವ ನೆರವು ಸರ್ಕಾರದ ಸವಲತ್ತಲ್ಲ, ಗ್ರೀನ್ ಕಾರ್ಡಿಗೆ ಅಡ್ಡ ಬರುತ್ತದೆಂಬ ಹೆದರಿಕೆ ಬೇಡ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ಪುಗಳ ನಿಯಮ ಬೇರೆ, ಅದನ್ನು ಪ್ರತ್ಯೇಕವಾಗಿ ವಿಚಾರಿಸಿ. 529 ಎಂಬ ವಿದ್ಯಾಭ್ಯಾಸದ ಉಳಿತಾಯ ಖಾತೆಯಲ್ಲಿ ಹಣ ಇಟ್ಟಿದ್ದರೆ ಶಾಲಾ ಫೀಸಿಗೂ ತೆಗೆಯಬಹುದು: ವರ್ಷಕ್ಕೆ 10,000 ಡಾಲರ್ ಇದ್ದ ಮಿತಿ 2026ರಿಂದ 20,000 ಆಗಿದೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಇದಕ್ಕೆ ತಮ್ಮ ತೆರಿಗೆ ವಿನಾಯಿತಿ ಕೊಡುವುದಿಲ್ಲ.

ಸೀಟಿನ ಪತ್ರ ಬಂದು ನೆರವಿನದ್ದು ಬಾರದಿದ್ದರೆ ಡಿಪಾಸಿಟ್ ಕಟ್ಟಬೇಡಿ, ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಫೋನ್ ಮಾಡಿ ಗಡುವು ಮುಂದಕ್ಕೆ ಹಾಕಿ ಅಂತ ಕೇಳಿ, ಕೇಳಿದರೆ ಎಷ್ಟೋ ಸಲ ಕೊಡುತ್ತಾರೆ. ಅದೇ ಫೋನಿನಲ್ಲಿ ಪುಸ್ತಕ, ಯೂನಿಫಾರಂ, ಟ್ಯಾಬ್ಲೆಟ್, ಕ್ರೀಡೆಯ ಶುಲ್ಕಗಳು ನೆರವಿನೊಳಗೆ ಸೇರುತ್ತವೆಯೇ ವಿಚಾರಿಸಿ, ಸಾಮಾನ್ಯವಾಗಿ ಸೇರುವುದಿಲ್ಲ. ನೆರವಿನ ಅರ್ಜಿಯನ್ನು ಪ್ರತಿ ವರ್ಷ ಹೊಸದಾಗಿ ಹಾಕಬೇಕು. ಹತ್ತನೆಯದಕ್ಕೆ ಬೇಕಾದದ್ದನ್ನು ಒಂಬತ್ತನೆಯ ತರಗತಿಯ ಚಳಿಗಾಲದಲ್ಲೇ ಹಾಕಬೇಕಾಗಬಹುದು.